ಒಂದು ಕೂದಲಿನಷ್ಟು ಎತ್ತರ

ಕಳೆದ ವರ್ಷ ಮಾರ್ಚ್ ತಿಂಗಳ ಒಂದು ಭಾನುವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ, ನನ್ನ ಎರಡೂ ಅಂಗೈಗಳ ನಡುವಿನಿಂದ ಒಂದು ಹಗ್ಗ ಸರ್ರನೆ ಮೇಲಕ್ಕೆ ಓಡಿತು. ಹೊತ್ತು ಇಷ್ಟು ಸರಿಯಾಗಿ ನೆನಪಿರಲು ಕಾರಣವಿದೆ. ನೆಂಟರನ್ನು ಕರೆತರಲು ತಿಪಟೂರಿನ ರೈಲು ನಿಲ್ದಾಣಕ್ಕೆ ಹೋಗಿದ್ದ ನನ್ನ ಗಂಡ, ರೈಲು ಬಂತೆಂದು ಆಗತಾನೆ ಮೆಸೇಜ್ ಹಾಕಿದ್ದರು. ಫೋನ್ ನೋಡಿ, ಅದನ್ನು ಸೀರೆಯ ಸೆರಗಿಗೆ ಗಂಟು ಹಾಕಿ, ಹಗ್ಗ ಹಿಡಿದಿದ್ದೆ. ಹಗ್ಗದ ಇನ್ನೊಂದು ತುದಿ ತೆಂಗಿನ ಮರದ ಮೇಲಿತ್ತು. ಅಲ್ಲಿ ನಾಗರಾಜ ಇದ್ದ.

ನಾನು ದಂತವೈದ್ಯೆ. ಬಿಡಿಎಸ್ ಮುಗಿಸಿದ ಮೇಲೆ ಕೆಲವು ಕಾಲ ಬೇರೆಯವರ ಕೈಕೆಳಗೆ ಕೆಲಸ ಮಾಡಿ, ಈಗ ಹದಿನಾಲ್ಕು ವರ್ಷಗಳಿಂದ ತಿಪಟೂರಿನಲ್ಲಿ ಸ್ವಂತ ಕ್ಲಿನಿಕ್ ನಡೆಸುತ್ತಿದ್ದೇನೆ. ಮನೆ ಇರುವುದು ನೊಣವಿನಕೆರೆಯ ಕಡೆಯ ಒಂದು ಹಳ್ಳಿಯಲ್ಲಿ. ನಾನೂ ನನ್ನ ಗಂಡನೂ ದಿನಾ ಬೆಳಿಗ್ಗೆ ಪಟ್ಟಣಕ್ಕೆ ಹೋಗಿ ಸಂಜೆ ಹಿಂತಿರುಗುತ್ತೇವೆ. ಮನೆಯ ಹಿಂದೆಯೇ ತೋಟ. ಅದರ ಯಜಮಾನಿಕೆ ಪೂರ್ತಿಯಾಗಿ ನಮ್ಮ ಅತ್ತೆಯವರದು. ಭಾನುವಾರ ಮಾತ್ರ ನನಗೂ ಅಲ್ಲಿ ಸಣ್ಣಪುಟ್ಟ ಕೆಲಸ ಸಿಗುತ್ತದೆ.

ನಾವು ಓದುವಾಗ ಪಕ್ಕದ ಮೆಡಿಕಲ್ ಕಾಲೇಜಿನ ಗೆಳತಿಯರು ತಮಾಷೆ ಮಾಡುತ್ತಿದ್ದರು: ನಮ್ಮ ರೋಗಿಗಳಾದರೆ ಸಾಯುತ್ತಾರೆ, ನಿಮ್ಮ ರೋಗಿಗಳು ಬೈಯುತ್ತಾರೆ ಅಷ್ಟೇ. ಆ ಮಾತನ್ನು ನಾನು ನಂಬಿದ್ದೆ. ಹುಳುಕು ಹಲ್ಲಿಗೆ ಫಿಲ್ಲಿಂಗ್ ಮಾಡುವುದಕ್ಕೂ ಒಬ್ಬ ಮನುಷ್ಯನ ಜೀವಕ್ಕೂ ಏನೂ ಸಂಬಂಧವಿಲ್ಲವೆಂದೇ ಇಷ್ಟು ವರ್ಷ ಕೆಲಸ ಮಾಡಿದ್ದೆ.

ನಾಗರಾಜ ನಮ್ಮ ತೋಟದ ಮರ ಹತ್ತುವವನು. ನಮ್ಮದಷ್ಟೇ ಅಲ್ಲ, ಸುತ್ತಿನ ಅನೇಕ ತೋಟಗಳ ಮರಗಳನ್ನು ಹತ್ತುವವನು ಅವನೇ. ನನಗಿಂತ ನಾಲ್ಕೈದು ವರ್ಷ ದೊಡ್ಡವನು. ಸ್ವಂತದ್ದೂ ಒಂದಿಷ್ಟು ಹೊಲ, ಎರಡು ಹಸು ಇವೆ. ಅವುಗಳನ್ನು ಹೆಂಡತಿ ಭಾಗ್ಯ ನೋಡಿಕೊಳ್ಳುತ್ತಾಳೆ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಅವನು ಮರದ ಮೇಲಿನಿಂದಲೇ, "ಹೊಸ ಸೊಸೆ ಡಾಕ್ಟ್ರಂತೆ, ಬಿದ್ರೆ ಕಟ್ಟು ಹಾಕ್ತಾರಾ?" ಎಂದು ಅತ್ತೆಯವರನ್ನು ಕೇಳಿದ್ದ. ಅತ್ತೆ, "ಅವ್ಳು ಹಲ್ ಡಾಕ್ಟ್ರು ಕಣ್ಲಾ, ಬಾಯಿ ಮ್ಯಾಲ್ ಮಾಡ್ಕೊಂಡ್ ಬೀಳು" ಎಂದಿದ್ದರು. ಆ ಮಾತಿಗೆ ನಾವೆಲ್ಲ ಎಷ್ಟೋ ಸಲ ನಕ್ಕಿದ್ದೇವೆ. ಈಗ ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುವುದಿಲ್ಲ.

ಮುಂದೆ ನಡೆದದ್ದು ತಿಳಿಯಲು ನಮ್ಮ ಕಡೆ ಕಾಯಿ ಕೀಳುವುದು ಹೇಗೆಂದು ಹೇಳಬೇಕು. ಕೊಬ್ಬರಿಗೆ ಬಿಡುವ ಬಲಿತ ಕಾಯಿಯನ್ನು ಮೇಲಿನಿಂದ ಹಾಗೆಯೇ ಕಡಿದು ಉದುರಿಸುತ್ತಾರೆ. ಅದಕ್ಕೆ ಏನೂ ಆಗುವುದಿಲ್ಲ. ಎಳನೀರು ಹಾಗಲ್ಲ, ಎತ್ತರದಿಂದ ಬಿದ್ದರೆ ಒಡೆದು ಹೋಗುತ್ತದೆ. ಆದ್ದರಿಂದ ಇಡೀ ಗೊನೆಗೆ ಹಗ್ಗ ಕಟ್ಟಿ, ಹಗ್ಗವನ್ನು ಒಂದು ಗಟ್ಟಿ ಗರಿಯ ಬುಡದ ಮೇಲೆ ಹಾಯಿಸಿ, ಇನ್ನೊಂದು ತುದಿಯನ್ನು ಕೆಳಕ್ಕೆ ಬಿಡುತ್ತಾರೆ. ಗೊನೆ ಕಡಿದ ಮೇಲೆ ಕೆಳಗಿದ್ದವರು ಹಗ್ಗವನ್ನು ನಿಧಾನವಾಗಿ ಸಡಿಲಿಸುತ್ತಾ ಅದನ್ನು ಇಳಿಸಿಕೊಳ್ಳಬೇಕು. ಮೇಲಿರುವವನ ಒಂದು ಕೈ ಗರಿಯನ್ನು ಹಿಡಿದಿರುತ್ತದೆ, ಇನ್ನೊಂದರಲ್ಲಿ ಮಚ್ಚು. ಕಡಿದ ಗೊನೆ ತಿರುಗಿ ಅವನಿಗೇ ಬಡಿಯದಂತೆ, ಭಾರವನ್ನು ಕೆಳಗಿನವರು ತೆಗೆದುಕೊಳ್ಳುವ ತನಕ, ಆ ಹಗ್ಗವನ್ನು ಮೇಲಿರುವವನೇ ಹೇಗಾದರೂ ಬಿಗಿಯಾಗಿ ಹಿಡಿದಿರಬೇಕು. ನಾಗರಾಜ ಅದನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುತ್ತಿದ್ದ. ಬಲಗಡೆಯ ದವಡೆ ಹಲ್ಲಿನಲ್ಲಿ.

ಇದು ನನಗೆ ಗೊತ್ತಿತ್ತು. ಭಾನುವಾರಗಳಲ್ಲಿ ಹಗ್ಗದ ಕೆಳತುದಿ ಹಿಡಿಯುವವಳು ನಾನೇ. ತಲೆಯೆತ್ತಿ, ಅವನ ಬಾಯಿಂದ ಹಗ್ಗ ಜಾರುವ ಗಳಿಗೆಗೆ ಕಾಯುತ್ತಿದ್ದವಳು ನಾನೇ. ಎಷ್ಟು ಸಲ ನೋಡಿದ್ದೆನೋ ಲೆಕ್ಕವಿಲ್ಲ.

ಆ ಭಾನುವಾರಕ್ಕೆ ಹಿಂದಿನ ವಾರ, ಸಂತೆಯ ದಿನ, ನಾಗರಾಜ ಕ್ಲಿನಿಕ್‌ಗೆ ಬಂದ. ಸಂತೆಯ ದಿನ ನನ್ನಲ್ಲಿ ಜನ ಹೆಚ್ಚು. ಸಾಮಾನು ಕೊಳ್ಳಲು ಬಂದವರು ಹಲ್ಲನ್ನೂ ತೋರಿಸಿಕೊಂಡು ಹೋಗುತ್ತಾರೆ. ಬಲಗಡೆ ಕೆಳದವಡೆಯ ಹಲ್ಲಿನಲ್ಲಿ ಸಾಕಷ್ಟು ಆಳವಾದ ಹುಳುಕಿತ್ತು, ಆದರೆ ನರದವರೆಗೆ ಹೋಗಿರಲಿಲ್ಲ. ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಹುಳುಕು ತೆಗೆದು, ಕಾಂಪೋಸಿಟ್ ತುಂಬಿದೆ. ಕಾಂಪೋಸಿಟ್ ಎಂದರೆ ಹಲ್ಲಿನದೇ ಬಣ್ಣದ, ಮೆತ್ತಗಿನ ಹಿಟ್ಟಿನಂಥ ವಸ್ತು. ನೀಲಿ ಬೆಳಕು ಹಾಯಿಸಿದರೆ ಕಲ್ಲಿನಂತೆ ಗಟ್ಟಿಯಾಗುತ್ತದೆ. ಗಟ್ಟಿಯಾದ ಮೇಲೆ ಬಣ್ಣದ ತೆಳುಕಾಗದವೊಂದನ್ನು ಹಲ್ಲುಗಳ ನಡುವೆ ಇಟ್ಟು ಕಚ್ಚಿಸುತ್ತೇವೆ. ಫಿಲ್ಲಿಂಗ್ ಎಲ್ಲಾದರೂ ಎತ್ತರವಾಗಿದ್ದರೆ ಅಲ್ಲಿ ಬಣ್ಣ ದಟ್ಟವಾಗಿ ಹತ್ತುತ್ತದೆ, ಅಷ್ಟನ್ನು ತೇಯುತ್ತೇವೆ. ಹಾಗೆ ತೇಯದೆ ಬಿಟ್ಟರೆ ಬಾಯಿ ಮುಚ್ಚಿದಾಗಲೆಲ್ಲ ಉಳಿದ ಹಲ್ಲುಗಳಿಗಿಂತ ಮೊದಲು ಆ ಒಂದೇ ಹಲ್ಲು ಪೆಟ್ಟು ತಿನ್ನುತ್ತದೆ.

ಕಾಗದ ಇಟ್ಟು ಕಚ್ಚಿಸಿದೆ. ಅವನ ತುಟಿ, ನಾಲಿಗೆ ಎಲ್ಲ ಮರಗಟ್ಟಿದ್ದವು. ಮಲಗಿದ ಕುರ್ಚಿಯಲ್ಲೇ, ಎಲ್ಲಿ ಕಚ್ಚುತ್ತಿದ್ದೇನೆಂದು ತನಗೇ ತಿಳಿಯದೆ, ಮೆಲ್ಲಗೆ ಕಚ್ಚಿದ. ಗುರುತು ಎಲ್ಲೂ ದಟ್ಟವಾಗದೆ ತೆಳುವಾಗಿ ಬಿತ್ತು. ನನಗೆ ಸಮಾಧಾನವಾಯಿತು. ಎದ್ದು ಕೂತವನು ಬಾಯಿ ಒಂದು ಕಡೆ ವಾಲಿಸಿಕೊಂಡು ಕನ್ನಡಿಯಲ್ಲಿ ನೋಡಿಕೊಂಡ.

"ನನ್ ತುಟಿ ಐತಾ ಡಾಕ್ಟ್ರಮ್ಮ, ಇಲ್ಲ ಅದ್ನೂ ಕಿತ್ಕೊಂಡ್ರಾ?"

ಹೊರಗೆ ಕಾಯುತ್ತಿದ್ದವರೆಲ್ಲ ನಕ್ಕರು. ನಾನೂ ನಕ್ಕು ಮುಂದಿನವರನ್ನು ಕರೆದೆ.

ಎರಡು ಮೂರು ದಿನದ ಮೇಲೆ, ಮಧ್ಯಾಹ್ನ ಊಟದ ಹೊತ್ತಿನಲ್ಲಿ, ಭಾಗ್ಯ ಫೋನ್ ಮಾಡಿದಳು. ಅವಳು ನನ್ನನ್ನು ಡಾಕ್ಟ್ರಕ್ಕ ಎನ್ನುತ್ತಾಳೆ. ತಣ್ಣೀರು ಕುಡಿದರೆ ಇವರ ಹಲ್ಲು ಜುಮ್ಮೆನ್ನುತ್ತದಂತೆ, ಏನು ಮಾಡುವುದು ಎಂದು ಕೇಳಿದಳು. ಫಿಲ್ಲಿಂಗ್ ಆದ ಮೇಲೆ ಹಲ್ಲು ಹೀಗೆ ಸೂಕ್ಷ್ಮವಾಗುವುದು ಸಾಮಾನ್ಯ. ಹುಳುಕು ತೆಗೆಯುವಾಗ ಒಳಗಿನ ನರ ಸ್ವಲ್ಪ ಕೆರಳಿರುತ್ತದೆ. ಒಂದೆರಡು ವಾರ, ಕೆಲವೊಮ್ಮೆ ಇನ್ನೂ ಸ್ವಲ್ಪ ಹೆಚ್ಚು ಕಾಲ ಬಿಸಿಗೋ ತಣ್ಣಗಿನದಕ್ಕೋ ಜುಮ್ಮೆಂದು, ತಾನೇ ಶಾಂತವಾಗುತ್ತದೆ. ಈ ಮಾತನ್ನು ದಿನಕ್ಕೆ ಎಷ್ಟೋ ಜನರಿಗೆ ಹೇಳುತ್ತೇನೆ. ಸುಳ್ಳಲ್ಲ. ಆದರೆ ಕಚ್ಚಿದಾಗ ನೋವಾದರೆ ಕಥೆ ಬೇರೆ. ಆಗ ಫಿಲ್ಲಿಂಗ್ ಎತ್ತರವಾಗಿದೆಯೇ ಎಂದು ನೋಡಲೇಬೇಕು. ದಿನ ಕಳೆದರೆ ಅದು ತಾನಾಗಿ ಸರಿಹೋಗುತ್ತದೆಂದು ಕೂರುವ ಹಾಗಿಲ್ಲ. ಇವೆರಡನ್ನೂ ಬೇರೆ ಮಾಡಲು ನಾವು ಕಲಿತ ಪ್ರಶ್ನೆ ಒಂದಿದೆ. ಅದನ್ನೂ ನಾನು ಕೇಳಿದೆ.

"ಊಟ ಮಾಡೋಕೆ ಏನಾದ್ರೂ ತೊಂದರೆ ಇದೆಯಾ ಭಾಗ್ಯ?"

"ಇಲ್ಲ ಬುಡಿ, ಎರಡೊತ್ತೂ ಮುದ್ದೆ ಉಣ್ತಾವ್ರೆ."

ಹಾಗಿದ್ದರೆ ಎರಡು ವಾರದಲ್ಲಿ ತಾನೇ ಸರಿಹೋಗುತ್ತದೆ, ತಣ್ಣಗಿನದು ಕುಡಿಯಬೇಡಿ ಎಂದು ಹೇಳಿ ಫೋನ್ ಇಟ್ಟೆ. ನನ್ನ ಮುಂದಿದ್ದ ಡಬ್ಬಿಯಲ್ಲಿಯೂ ಅತ್ತೆಯವರು ಕಟ್ಟಿಕೊಟ್ಟಿದ್ದ ಮುದ್ದೆಯೇ ಇತ್ತು. ಅದನ್ನು ಮುರಿದು, ಸಾರಿನಲ್ಲಿ ಅದ್ದಿ, ನುಂಗಿದೆ. ಎದುರಿಗಿದ್ದ ತುತ್ತು ನನಗೆ ಏನನ್ನೂ ಹೇಳಲಿಲ್ಲ.

ಆ ಭಾನುವಾರ ನೆಂಟರು ಬರುವವರಿದ್ದರು. ನನ್ನ ಗಂಡ ಸ್ಟೇಷನ್‌ಗೆ ಹೋದರು. ಅತ್ತೆಯವರು ಒಲೆಯ ಮುಂದಿದ್ದರು. ಎಳನೀರಿಗೆ ನಾಗರಾಜನನ್ನು ಕರೆಸಿದ್ದೆವು. ಆ ವಾರವೆಲ್ಲ ಅವನು ಬಲಿತ ಕಾಯಿ ಉದುರಿಸುವ ಕೆಲಸದಲ್ಲಿದ್ದ. ಹಗ್ಗ ಕಚ್ಚುವ ಪ್ರಸಂಗ ಬಂದಿರಲಿಲ್ಲ. ಇದು ನನಗೆ ಆಮೇಲೆ ತಿಳಿದದ್ದು. ಮರದ ಬುಡದಲ್ಲಿ, ಹತ್ತುವಾಗ ಜಾರದಂತೆ ಕಾಲಿಗೆ ಹಾಕುವ ಹಗ್ಗದ ಬಳೆ ಸಿಕ್ಕಿಸಿಕೊಳ್ಳುತ್ತಾ ಅವನು ದವಡೆ ಸವರಿಕೊಂಡ.

"ಒಂದ್ಸಲ ಈ ಹಲ್ ನೋಡ್ಬುಡಿ ಡಾಕ್ಟ್ರಮ್ಮ. ಒಂಥರಾ ಉದ್ದ ಬೆಳ್ದಂಗೆ ಅನ್ನಿಸ್ತೈತೆ."

ಹಲ್ಲು ಉದ್ದ ಬೆಳೆದ ಹಾಗೆ ಅನ್ನಿಸುವುದು. ಫಿಲ್ಲಿಂಗ್ ಎತ್ತರವಾಗಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಲಕ್ಷಣ ಇಲ್ಲ. ಪರೀಕ್ಷೆಯಲ್ಲಿ ಈ ಮಾತನ್ನು ಕೇಳಿದ್ದರೆ ಉತ್ತರ ಹೇಳಲು ನನಗೆ ಕ್ಷಣವೂ ಬೇಕಿರಲಿಲ್ಲ. ಆದರೆ ನಾನು ಆಗ ಕ್ಲಿನಿಕ್‌ನಲ್ಲಿರಲಿಲ್ಲ, ತೋಟದಲ್ಲಿದ್ದೆ. ತಲೆಯಲ್ಲಿ ನೆಂಟರಿದ್ದರು.

"ನಾಳೆ ಕ್ಲಿನಿಕ್‌ಗೆ ಬನ್ನಿ ನಾಗಣ್ಣ, ನೋಡೋಣ. ಈಗ ಎರಡು ಗೊನೆ ಇಳಿಸಿಕೊಡಿ, ರೈಲು ಬರೋ ಹೊತ್ತಾಯ್ತು."

ಅವನು ತಲೆಯಾಡಿಸಿ ಹತ್ತಿದ. ಮೊದಲ ಗೊನೆಗೆ ಹಗ್ಗ ಕಟ್ಟಿದ, ಗರಿಯ ಬುಡದ ಮೇಲೆ ಹಾಯಿಸಿದ, ತುದಿಯನ್ನು ನನ್ನ ಕಡೆ ಬಿಟ್ಟ. ಆ ಹೊತ್ತಿಗೆ ಮೆಸೇಜ್ ಬಂತು. ಫೋನ್ ಗಂಟು ಹಾಕಿಕೊಂಡು ಹಗ್ಗ ಹಿಡಿದು ಮೇಲೆ ನೋಡಿದೆ. ಅವನು ಹಗ್ಗ ಕಚ್ಚಿ, ಮಚ್ಚು ಬೀಸಿದ. ಗೊನೆ ಬಿಟ್ಟುಕೊಂಡಿತು. ಅದರ ಭಾರ ಅವನ ಬಾಯಿಗೆ ಬಂದ ಗಳಿಗೆಯಲ್ಲಿ ಒಂದು ಕೂಗು ಕೇಳಿಸಿತು. ಮನುಷ್ಯನ ದನಿಯಂತೆ ಇರಲಿಲ್ಲ ಅದು. ನನ್ನ ಕೈಯಲ್ಲಿದ್ದ ಹಗ್ಗ ಬೆಂಕಿಯಂತೆ ಮೇಲಕ್ಕೆ ಓಡಿತು, ನಾನು ಕೈ ಬಿಟ್ಟೆ. ಮಚ್ಚು ಎಲ್ಲೋ ಕಲ್ಲಿಗೆ ತಾಗಿ ಠಣ್ ಎಂದಿತು. ನಾನು ಕಣ್ಣು ಮುಚ್ಚಿದೆ. ಪಕ್ಕದಲ್ಲೇ ಏನೋ ದೊಪ್ಪನೆ ಬಿದ್ದು ಒಡೆಯಿತು. ಮುಖಕ್ಕೆ, ಕಾಲಿಗೆ ಬೆಚ್ಚಗಿನ ನೀರು ಸಿಡಿಯಿತು.

ಅದು ರಕ್ತವೆಂದು ನಾನು ತಿಳಿದೆ. ಇಂದಿಗೂ ಕಣ್ಣು ಮುಚ್ಚಿದರೆ ಮೊದಲು ಬರುವುದು ಆ ಸಿಡಿದ ನೀರು.

ಕಣ್ಣು ತೆರೆದಾಗ ಕಂಡದ್ದು ಒಡೆದ ಎಳನೀರಿನ ಗೊನೆ, ಕೈಗೆ ಎಟುಕುವಷ್ಟು ಹತ್ತಿರ. ನಾಗರಾಜ ನೆಲದ ಮೇಲೆ ಇರಲಿಲ್ಲ. ಮರದ ಅರ್ಧದಷ್ಟು ಕೆಳಗೆ ಜಾರಿ ಬಂದು, ಎರಡೂ ತೋಳುಗಳಿಂದ ಮರವನ್ನು ತಬ್ಬಿ ನಿಂತಿದ್ದ. ಕಾಲಿನ ಹಗ್ಗದ ಬಳೆ ಮರಕ್ಕೆ ಕಚ್ಚಿಕೊಂಡಿತ್ತು. ಹಣೆಯನ್ನು ಮರಕ್ಕೆ ಒತ್ತಿಕೊಂಡಿದ್ದ. ಅಂಗಿಯ ಎದೆಯ ಭಾಗ ಹರಿದಿತ್ತು. ಅವನು ಅಲುಗಾಡಲಿಲ್ಲ. ನಾನೂ ಅಲುಗಾಡಲಿಲ್ಲ.

ಸದ್ದು ಕೇಳಿ ಅತ್ತೆಯವರು ಬಂದರು. ಕೈಯಲ್ಲಿ ಇನ್ನೂ ಸೌಟಿತ್ತು. ಒಮ್ಮೆ ಮೇಲೆ ನೋಡಿ, ಹಿತ್ತಲಲ್ಲಿ ದನದ ಜೊತೆ ಮಾತಾಡುವಷ್ಟೇ ಮೆತ್ತಗೆ ಮಾತಾಡಿದರು.

"ನಾಗಾ, ಕೆಳೀಕ್ ನೋಡ್ಬ್ಯಾಡ ಕಣಪ್ಪ. ಮರಾನೇ ನೋಡು. ಉಸ್ರು ಬುಡು. ಅವಸ್ರ ಏನಿಲ್ಲ, ನಾನಿಲ್ಲೇ ಇವ್ನಿ."

ಬಹಳ ಹೊತ್ತು ಏನೂ ಆಗಲಿಲ್ಲ. ಅತ್ತೆ ಮಾತು ನಿಲ್ಲಿಸಲಿಲ್ಲ. ಇವತ್ತಿನ ಸಾರಿಗೆ ಏನು ಹಾಕಿದ್ದೇನೆ, ಅವನ ಹಸು ಎಷ್ಟು ಹಾಲು ಕೊಡುತ್ತಿದೆ, ಹೀಗೆ ಏನೇನೋ. ಕೊನೆಗೆ ಅವನ ಒಂದು ಮೊಣಕಾಲು ಸಡಿಲವಾಯಿತು. ಒಂದು ಗೇಣು ಇಳಿದ. ನಿಂತ. ಮತ್ತೆ ಇಳಿದ. ನೆಲಕ್ಕೆ ಕಾಲು ಸೋಕಿದ ಮೇಲೂ ಮರವನ್ನು ಬಿಡಲಿಲ್ಲ. ಅತ್ತೆಯವರೇ ಅವನ ಬೆರಳುಗಳನ್ನು ಬಿಡಿಸಿದರು.

ತೋಳಿನ ಒಳಭಾಗ, ಎದೆ, ತೊಡೆಗಳ ಚರ್ಮ ಸುಲಿದು ಹೋಗಿತ್ತು. ಎಡ ಭುಜ ಎತ್ತಲಾಗುತ್ತಿರಲಿಲ್ಲ. ಮನೆಯಲ್ಲಿದ್ದ ನನ್ನ ಕಾರಿನಲ್ಲಿ ಕೂರಿಸಿಕೊಂಡು ತಿಪಟೂರಿನ ಆಸ್ಪತ್ರೆಗೆ ಹೊರಟೆ. ದಾರಿಯಲ್ಲಿ ಭಾಗ್ಯಳನ್ನೂ ಹತ್ತಿಸಿಕೊಂಡೆ. ಕಾರು ಓಡಿಸುವಾಗ ನನ್ನ ಸುಟ್ಟ ಅಂಗೈ ಸ್ಟಿಯರಿಂಗ್‌ಗೆ ಅಂಟುತ್ತಿತ್ತು. ಆಗ ಅವನು ತಾನಾಗಿಯೇ ಹೇಳಿದ.

"ಹಲ್ಲು ಕಣಮ್ಮ. ಮಿಂಚು ಹೊಡ್ದಂಗಾಯ್ತು. ಬಾಯಿ ತಾನೇ ಬುಟ್ಕೊಂತು, ಕೈಯೂ ಬುಟ್ಕೊಂತು."

ಎರಡು ಹೊತ್ತೂ ಊಟ ಮಾಡುತ್ತಿದ್ದಿರಲ್ಲ, ಆಗ ನೋವಿರಲಿಲ್ಲವೇ ಎಂದು ಕೇಳಿದೆ. ಅದು ಕೇಳುವ ಹೊತ್ತಲ್ಲ. ಆದರೂ ಕೇಳಿದೆ, ತಪ್ಪು ನನ್ನದಲ್ಲ ಎಂಬ ಉತ್ತರ ಎಲ್ಲಾದರೂ ಸಿಗಬಹುದೇ ಎಂದು.

"ಮುದ್ದೆಗೆ ಹಲ್ಯಾಕಮ್ಮ ಬೇಕು?" ಎಂದ ನಾಗರಾಜ. ಆ ನೋವಿನಲ್ಲೂ ಅವನ ಮಾತಿನಲ್ಲಿ ಸ್ವಲ್ಪ ನಗು ಇತ್ತು.

ರಾಗಿಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ನುಂಗುತ್ತಾರೆ. ಈ ಸೀಮೆಯಲ್ಲಿ ಮೂರು ವರ್ಷದ ಮಗುವಿಗೂ ಅದು ಗೊತ್ತು. ನಾನು ಹುಟ್ಟಿ ಬೆಳೆದದ್ದು ಪಕ್ಕದ ತುರುವೇಕೆರೆ ತಾಲೂಕಿನಲ್ಲಿ, ಮುದ್ದೆ ಉಂಡೇ. ಪುಸ್ತಕದಲ್ಲಿದ್ದ ಪ್ರಶ್ನೆಯನ್ನು ಅಗಿದು ತಿನ್ನುವ ಜನಕ್ಕೆ ಕೇಳುವಂತೆ ಕೇಳಿ, ನುಂಗುವವರ ಉತ್ತರವನ್ನು ನಂಬಿ ಕೂತಿದ್ದೆ. ಆ ಹಲ್ಲು ಅಷ್ಟು ದಿನದಲ್ಲಿ ಗಟ್ಟಿಯಾದದ್ದನ್ನು ಏನನ್ನೂ ಕಚ್ಚಿರಲಿಲ್ಲ. ಮೊದಲು ಕಚ್ಚಿದ್ದು ನಾನು ಕೆಳಗೆ ಹಿಡಿದಿದ್ದ ಹಗ್ಗವನ್ನು.

ಆಸ್ಪತ್ರೆ ಬಂದ ಕೂಡಲೇ ಹಿಂದಿನ ಸೀಟಿನಲ್ಲಿದ್ದ ಭಾಗ್ಯ ಬಾಗಿಲು ತೆರೆದಳು. ಇಳಿಯುವಾಗ ನನ್ನ ಮುಖ ನೋಡದೆ ಹೇಳಿದಳು.

"ನಾನು ಫೋನ್ ಮಾಡಿದ್ದೆ."

ಎಕ್ಸ್‌ರೇಯಲ್ಲಿ ಮೂಳೆ ಮುರಿದಿರಲಿಲ್ಲ. ಭುಜಕ್ಕೆ ಪಟ್ಟಿ ಕಟ್ಟಿ, ತಿಂಗಳುಗಟ್ಟಲೆ ಭಾರ ಎತ್ತಬಾರದು, ಮರದ ಮಾತು ಆಮೇಲೆ ಎಂದು ವೈದ್ಯರು ಹೇಳಿ ಕಳಿಸಿದರು. ಬದುಕಿದನಲ್ಲ ಎಂದು ಎಲ್ಲರೂ ಅಂದರು. ನನ್ನ ಮನಸ್ಸು ಮಾತ್ರ ಅಲ್ಲಿಗೆ ನಿಲ್ಲಲಿಲ್ಲ. ಮಲಗಿದರೆ ಅಂಗೈಯಲ್ಲಿ ಹಗ್ಗ ಓಡುತ್ತಿತ್ತು. ಗೊನೆಯ ಬದಲು ಅವನು ಬಿದ್ದಿದ್ದರೆ, ಕಾಲಿನ ಬಳೆ ಸ್ವಲ್ಪ ಸಡಿಲವಿದ್ದಿದ್ದರೆ, ಎಂದು ಲೆಕ್ಕ ಹಾಕುತ್ತಾ ಎದ್ದು ಕೂರುತ್ತಿದ್ದೆ. ಅತ್ತೆಯವರು ಏನೂ ಕೇಳುತ್ತಿರಲಿಲ್ಲ. ಬೆಳಿಗ್ಗೆ ಕಾಫಿ ಮಾತ್ರ ಸ್ವಲ್ಪ ಗಟ್ಟಿಯಾಗಿ ಮಾಡಿ ಕೊಡುತ್ತಿದ್ದರು.

ಇದಕ್ಕಿಂತ ಕೆಟ್ಟದ್ದು ಬೇರೆ ಶುರುವಾಗಿತ್ತು. ಒಂದು ದಿನ ಕ್ಲಿನಿಕ್‌ಗೆ ನಮ್ಮೂರಿನ ತೋಟದವರೊಬ್ಬರು ಬಂದರು. ಬಾಯಿ ಮುಕ್ಕಳಿಸಿ ಉಗುಳುವಾಗ ಮಾತು ಮರ ಹತ್ತುವವರ ಕಡೆ ಹೊರಳಿತು. ಇನ್ನು ಮೇಲೆ ನಾಗರಾಜನನ್ನು ಕರೆಯುವುದಿಲ್ಲ, ಬೇರೆಯವನಿಗೆ ಹೇಳಿದ್ದೇವೆ ಎಂದರು. ಯಾಕೆಂದರೆ ಅವನಿಗೆ ಮರದ ಮೇಲೆ ತಲೆ ತಿರುಗಿತಂತೆ. ಕೆಲವರು ಬೆಳಿಗ್ಗೆಯೇ ಕುಡಿದು ಹತ್ತಿದ್ದ ಎನ್ನುತ್ತಾರಂತೆ. "ನಾಳೆ ನಮ್ ತೋಟದಾಗ್ ಬಿದ್ರೆ ಯಾರ್ ಹೊಣೆ ಹೇಳಿ" ಎಂದರು.

ಮರ ಹತ್ತುವವನಿಗೆ ತಲೆ ತಿರುಗುತ್ತದೆ ಎಂಬ ಮಾತು ಹಬ್ಬಿದರೆ ಅವನ ಕೆಲಸ ಮುಗಿಯಿತು. ಭುಜ ವಾಸಿಯಾದರೂ ಯಾರೂ ಕರೆಯುವುದಿಲ್ಲ. ಜಾರಿದ್ದು ತಲೆಯಿಂದಲ್ಲ, ಹಲ್ಲಿನಿಂದ ಎಂದು ತಿಳಿದಿದ್ದವರು ನಾಗರಾಜ, ಭಾಗ್ಯ, ಮತ್ತು ನಾನು. ಅವರು ಹೇಳಿದರೆ ನೆಪ ಎನ್ನುತ್ತಾರೆ. ನಾನು ಹೇಳಿದರೆ ಮಾತ್ರ ನಂಬುತ್ತಾರೆ. ನನ್ನ ಮುಂದೆ ಕುರ್ಚಿಯಲ್ಲಿ ಒರಗಿದ್ದವರಿಗೆ ಅದೇ ಗಳಿಗೆಯಲ್ಲಿ ನಾನು ಹೊಸ ಫಿಲ್ಲಿಂಗ್ ಮಾಡುವವಳಿದ್ದೆ. "ಸ್ವಲ್ಪ ಬಾಯಿ ತೆಗೀರಿ" ಎಂದೆ. ಅಷ್ಟೇ ಹೇಳಿದ್ದು.

ಆ ದಿನ ಮನೆಗೆ ಹೋಗುವ ಬದಲು ನೇರವಾಗಿ ನಾಗರಾಜನ ಮನೆಗೆ ಹೋದೆ. ಜಗಲಿಯ ಮೇಲೆ ಕೂತಿದ್ದ, ಎದೆಗೆ ಮುಲಾಮು ಹಚ್ಚಿಕೊಂಡು. ಭಾಗ್ಯ ಕಾಫಿ ತಂದಿಟ್ಟು ಒಳಗೆ ಹೋದಳು. ಕ್ಲಿನಿಕ್‌ಗೆ ಬನ್ನಿ, ಹಲ್ಲು ನೋಡಬೇಕು ಎಂದು ಕೇಳಿದೆ.

"ಬ್ಯಾಡ ಬುಡಿ ಡಾಕ್ಟ್ರಮ್ಮ. ಎರಡ್ ವಾರಕ್ಕೆ ತಾನೇ ಸರಿಹೋಗ್ತದೆ ಅಂದಿದ್ರಲ್ಲ" ಎಂದ. ಚುಚ್ಚಲು ಆಡಿದ್ದೋ, ನಂಬಿ ಆಡಿದ್ದೋ ತಿಳಿಯಲಿಲ್ಲ. ಎರಡೂ ನನಗೆ ಒಂದೇ ಆಗಿತ್ತು.

ಒಳಗಿನಿಂದ ಭಾಗ್ಯಳ ದನಿ ಬಂತು. "ಹೋಗ್ ಬನ್ನಿ. ರಾತ್ರಿಯೆಲ್ಲ ನಿದ್ದೆಗಣ್ಣಲ್ಲಿ ಕಾಲ್ ಒದರ್ಕೊಂಡ್ ಏಳ್ತೀರ, ಜೊತೆಗೆ ಹಲ್ ಬೇರೆ ಹಿಡ್ಕೊಂಡ್ ಕೂರ್ತೀರ."

ಅವನಿಗೂ ನಿದ್ದೆ ಇರಲಿಲ್ಲವೆಂದು ನನಗೆ ತಿಳಿದದ್ದು ಆಗ. ಹೊರಡುವಾಗ ಅವನಿಗೆ ಒಂದು ಮಾತು ಹೇಳಿದೆ: ಬರುವಾಗ ಆ ಹಗ್ಗ ತನ್ನಿ.

ಮಾರನೆಯ ದಿನ ಬಂದ. ಈ ಸಲ ಮಲಗಿಸಲಿಲ್ಲ, ಇಂಜೆಕ್ಷನ್ ಕೊಡಲಿಲ್ಲ. ಬೆನ್ನು ನೇರವಾಗಿ ಕೂರಿಸಿದೆ. ಮೊದಲು ಆ ಹಲ್ಲಿಗೆ ತಂಪು ತಾಗಿಸಿ ನೋಡಿದೆ. ಜುಮ್ಮೆಂದು, ಕೂಡಲೇ ನಿಂತಿತು. ನರ ಕೆಟ್ಟಿಲ್ಲ ಎಂದು ಅದರ ಅರ್ಥ. ಕೆಟ್ಟಿದ್ದರೆ ನೋವು ಬಹಳ ಹೊತ್ತು ಉಳಿಯುತ್ತಿತ್ತು. ಆಮೇಲೆ ಬಣ್ಣದ ಕಾಗದ ಇಟ್ಟು, ಮೆಲ್ಲಗೆ ಬೇಡ, ಮರದ ಮೇಲೆ ಹೇಗೆ ಬಾಯಿ ಬಿಗಿಯುತ್ತೀರೋ ಹಾಗೆ ಕಚ್ಚಿ ಎಂದೆ. ಅವನು ಕಚ್ಚಿ, ಕುರ್ಚಿಯ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಫಿಲ್ಲಿಂಗಿನ ಒಂದು ಅಂಚಿನಲ್ಲಿ ದಟ್ಟ ನೀಲಿಯ ಚುಕ್ಕೆ ಬಿದ್ದಿತ್ತು. ಬಾಲಪಾಠದಷ್ಟು ಸ್ಪಷ್ಟ.

ತೇಯ್ದೆ, ಕಚ್ಚಿಸಿದೆ, ಮತ್ತೆ ತೇಯ್ದೆ. ಅಷ್ಟು ದೊಡ್ಡ ಕೆಲಸವೇನಲ್ಲ. ಹೊರಗೆ ಕೂತವರ ಟೀ ಆರುವುದರೊಳಗೆ ಮುಗಿಯಿತು. ಕೊನೆಗೆ ಹಗ್ಗವನ್ನು ಕೊಟ್ಟು ಕಚ್ಚಲು ಹೇಳಿದೆ, ಇನ್ನೊಂದು ತುದಿಯನ್ನು ನಾನೇ ಮೆಲ್ಲಗೆ ಎಳೆದೆ. ನನ್ನ ಸಹಾಯಕಿ ಬಾಗಿಲಲ್ಲಿ ನಿಂತು ಬೆರಗಾಗಿ ನೋಡುತ್ತಿದ್ದಳು. ಅವನು ಕಣ್ಣಲ್ಲೇ ಇನ್ನೂ ಎಳೆಯಿರಿ ಎಂದ. ಎಳೆದೆ. ಬಾಯಿ ಬಿಡಲಿಲ್ಲ. ಹಗ್ಗ ತೆಗೆದ ಮೇಲೆ ದವಡೆಯನ್ನು ಆ ಕಡೆ ಈ ಕಡೆ ಆಡಿಸಿ ನೋಡಿದ.

"ಎಷ್ಟಿತ್ತು ಡಾಕ್ಟ್ರಮ್ಮ, ಎತ್ರ?"

"ಒಂದು ಕೂದಲಿನಷ್ಟು."

ಅವನು ಹಗ್ಗವನ್ನು ಸುತ್ತಿಕೊಂಡ. "ಒಂದು ಕೂದ್ಲು" ಎಂದ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಮರುದಿನ ಬೆಳಿಗ್ಗೆ ಅತ್ತೆಯವರ ಕೈಯಿಂದ ಹಾಲಿನ ಕ್ಯಾನ್ ತೆಗೆದುಕೊಂಡು ನಾನೇ ಡೈರಿಗೆ ಹೊರಟೆ. ಹಾಲು ಹಾಕಲು ಊರೆಲ್ಲ ಬಂದು ನಿಲ್ಲುವ ಜಾಗ ಅದು. ಅಲ್ಲಿ ಆಡಿದ ಮಾತು ಮಧ್ಯಾಹ್ನದೊಳಗೆ ಪಕ್ಕದ ಊರು ಮುಟ್ಟುತ್ತದೆ. ಸಾಲಿನಲ್ಲಿ ಆ ತೋಟದವರೂ ಇದ್ದರು. ನಾಗರಾಜನಿಗೆ ತಲೆ ತಿರುಗಿರಲಿಲ್ಲ, ಕುಡಿದೂ ಇರಲಿಲ್ಲ, ನಾನು ಮಾಡಿದ ಫಿಲ್ಲಿಂಗ್ ಎತ್ತರವಾಗಿತ್ತು, ಅವನು ನೋಡಿ ಎಂದು ಕೇಳಿದರೂ ನಾನು ನೋಡದೆ ಹತ್ತಿಸಿದೆ ಎಂದು ಹೇಳಿದೆ. ಹಾಲು ಅಳೆಯುವವನ ಕೈ ನಿಂತಿತು. ಆಮೇಲೆ ಸಾಲಿನ ಹಿಂದಿನಿಂದ ಒಬ್ಬ ಅಜ್ಜ ಕೇಳಿದ.

"ಅಂಗಾರೆ ನಿಮ್ಮತ್ರ ಹಲ್ ಕಟ್ಟಿಸ್ಕೊಂಡೋರು ಮರ ಹತ್ತಂಗಿಲ್ಲ ಅನ್ನಿ."

"ಹತ್ತಬಹುದು ತಾತ. ಮೊದಲು ಹಗ್ಗ ತಗೊಂಡು ನನ್ನ ಹತ್ರ ಬರಬೇಕು" ಎಂದೆ. ಒಂದಿಬ್ಬರು ನಕ್ಕರು. ತೋಟದವರು ನಗಲಿಲ್ಲ. ತಮ್ಮ ಕ್ಯಾನ್ ಮುಂದಿಡುತ್ತಾ, ಭುಜ ಯಾವಾಗ ಸರಿಹೋಗುತ್ತದಂತೆ ಎಂದು ಮಾತ್ರ ಕೇಳಿದರು.

ಆ ತಿಂಗಳು ಕ್ಲಿನಿಕ್‌ಗೆ ಜನ ಸ್ವಲ್ಪ ಕಡಿಮೆಯಾದರು. ಆಮೇಲೆ ಮತ್ತೆ ಬಂದರು. ಬಂದವರಿಗೆ ನಾನು ಕೇಳುವ ಪ್ರಶ್ನೆ ಬದಲಾಗಿದೆ. ಊಟಕ್ಕೆ ತೊಂದರೆ ಇದೆಯಾ ಎಂದು ಕೇಳುವುದಿಲ್ಲ. ರೊಟ್ಟಿ, ಹುರಿಗಾಳು, ಕೊಬ್ಬರಿ ಚೂರು, ಏನನ್ನು ಕಚ್ಚಿ ನೋಡಿದಿರಿ ಎನ್ನುತ್ತೇನೆ. ಹಲ್ಲಿನಿಂದ ಬೇರೇನು ಕೆಲಸ ಮಾಡುತ್ತೀರಿ ಎಂದೂ ಕೇಳುತ್ತೇನೆ. ಹೂ ಕಟ್ಟುವಾಗ ನಾರು ಕಡಿಯುವವರು, ಬಾಯಿಯಲ್ಲಿ ಸೂಜಿ ಕಚ್ಚಿಕೊಳ್ಳುವ ದರ್ಜಿ, ತಂತಿಯ ಸಿಪ್ಪೆ ಸುಲಿಯುವ ಎಲೆಕ್ಟ್ರಿಷಿಯನ್, ಎಲ್ಲರೂ ಇದ್ದಾರೆ. ಇಷ್ಟು ವರ್ಷವೂ ಇದ್ದರು. ಮರಗಟ್ಟಿದ ಬಾಯಿಯ ಗುರುತನ್ನು ಪೂರ್ತಿ ನಂಬದೆ, ಅನುಮಾನವಿದ್ದರೆ ಇನ್ನೊಂದು ದಿನ ಕರೆದು ಕೂರಿಸಿ ಕಚ್ಚಿಸುತ್ತೇನೆ. ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟು: ಬಾಯಿ ತೆರೆದು ಮಲಗಿದವನು ಎದ್ದು ಹೋಗಿ ಆ ಹಲ್ಲಿನಿಂದ ಏನು ಮಾಡುತ್ತಾನೆಂದು ತಿಳಿಯದಿದ್ದರೆ, ನಾನು ನೋಡಿದ್ದು ಅರ್ಧ ಹಲ್ಲನ್ನು ಮಾತ್ರ. ತಿಳಿದೂ ಮರೆತಿದ್ದರೆ, ಅಷ್ಟನ್ನೂ ನೋಡಿಲ್ಲ.

ಭುಜ ವಾಸಿಯಾಗಿ, ವೈದ್ಯರು ಹತ್ತಬಹುದು ಎಂದ ಮೇಲೂ ನಮ್ಮ ಮರ ಹತ್ತಲು ನಾನು ಅವನನ್ನು ಕರೆಯಲಿಲ್ಲ. ಬೇರೆ ತೋಟಗಳಿಗೆ ಹೋಗುತ್ತಿದ್ದಾನೆಂದು ಕೇಳಿದ್ದೆ. ಆ ತೋಟದವರೂ ಕರೆದಿದ್ದರಂತೆ. ಆದರೆ ಉದುರಿಸುವ ಕೆಲಸ ಮಾತ್ರ, ಎಳನೀರಿನ ತಂಟೆಗೆ ಹೋಗುತ್ತಿರಲಿಲ್ಲ. ಒಂದು ಭಾನುವಾರ ತಾನಾಗಿಯೇ ತೋಟಕ್ಕೆ ಬಂದ. ಭುಜದ ಮೇಲೆ ಅದೇ ಹಗ್ಗ. ಜೊತೆಗೆ ಭಾಗ್ಯಳೂ ಬಂದಿದ್ದಳು.

"ಹಗ್ಗ ಹಿಡೀತೀರಾ ಡಾಕ್ಟ್ರಮ್ಮ?"

ಒಂದು ಶರತ್ತು ಹಾಕಿದೆ. ಸೊಂಟಕ್ಕೂ ಮರಕ್ಕೂ ಸುತ್ತಿ ಕಟ್ಟುವ ಬೆಲ್ಟ್ ಒಂದನ್ನು ತರಿಸಿಟ್ಟಿದ್ದೆ. ಅದನ್ನು ಹಾಕಿಕೊಳ್ಳದೆ ಹತ್ತುವ ಹಾಗಿಲ್ಲ. ಎಮ್ಮೆ ಕಟ್ಟಿದ ಹಾಗೆ ಕಟ್ಟುತ್ತೀರಲ್ಲ ಎಂದು ಗೊಣಗಿದ. ಭಾಗ್ಯ, "ಎಮ್ಮೆಗೆ ಇಷ್ಟು ಹೇಳ್ಬೇಕಾಗಿರ್ಲಿಲ್ಲ" ಎಂದು ಬಕಲ್ ತಾನೇ ಬಿಗಿದಳು. ಆಸ್ಪತ್ರೆಗೆ ಹೋದ ದಿನದಿಂದ ಅವಳು ನನ್ನನ್ನು ನೋಡಿ ನಕ್ಕದ್ದು ಅದೇ ಮೊದಲು.

ಅವನು ಹತ್ತಿದ. ಹಗ್ಗದ ತುದಿ ಕೆಳಗೆ ಬಂತು. ಗಾಯ ಮಾಯ್ದಿದ್ದ ಅಂಗೈಗಳಲ್ಲಿ ಅದನ್ನು ಹಿಡಿದೆ. ಮೇಲೆ ನೋಡಿದೆ, ಈ ಸಲ ಕಣ್ಣು ಮುಚ್ಚಬಾರದು ಎಂದುಕೊಂಡೆ. ಅವನು ಬಾಯಿ ತೆರೆದು, ಗಳಿಗೆ ಹೊತ್ತು ಹಾಗೇ ನಿಂತು, ಹಗ್ಗವನ್ನು ಕಚ್ಚಿದ. ಬಲಗಡೆಯ ದವಡೆಯಲ್ಲೇ. ಮಚ್ಚು ಬೀಸಿದ. ಗೊನೆ ಒಮ್ಮೆ ತೂಗಿ ನಿಂತಿತು. ಭಾರ ನನ್ನ ಕೈಗೆ ಬಂತು. ನಿಧಾನವಾಗಿ, ಗೇಣು ಗೇಣಾಗಿ ಬಿಟ್ಟೆ. ಭಾಗ್ಯ ಕೈ ಚಾಚಿ ಗೊನೆಯನ್ನು ಹಿಡಿದು ನೆಲದ ಮೇಲೆ ಕೂರಿಸಿದಳು. ಒಂದು ಕಾಯಿಯೂ ಒಡೆದಿರಲಿಲ್ಲ.

ಮಾರನೆಯ ಬೆಳಿಗ್ಗೆ ನಾನು ಎದ್ದಾಗ ಬಿಸಿಲು ಹಾಸಿಗೆಯವರೆಗೆ ಬಂದಿತ್ತು. ಎಬ್ಬಿಸಬೇಡಿ ಎಂದು ಅತ್ತೆಯವರು ಎಲ್ಲರಿಗೂ ಹೇಳಿದ್ದರಂತೆ. ಫೋನ್ ನೋಡಿದರೆ ಭಾಗ್ಯಳ ಕರೆ ಬಂದಿತ್ತು. ಹಾಸಿಗೆಯಿಂದ ಏಳುವ ಮೊದಲೇ ವಾಪಸು ಕರೆ ಮಾಡಿದೆ. ಹಲ್ಲಿಗೇನಾಯಿತು ಎಂದು ಕೇಳಿದೆ. ಹಲ್ಲಿಗೆ ಏನೂ ಆಗಿಲ್ಲ, ಸುಮ್ಮನೆ ಹೇಳೋಣವೆಂದು ಮಾಡಿದೆ ಎಂದಳು.

"ಹಾಲ್ ಕರೆಯೋ ಹೊತ್ತಾಯ್ತು ಅಂತ ಎರಡ್ಸಲ ಅಲ್ಲಾಡಿಸ್ದೆ ಡಾಕ್ಟ್ರಕ್ಕ. ಇವ್ರು ಏಳ್ನೇ ಇಲ್ಲ. ಇನ್ನೂ ಗೊರ್ಕೆ ಹೊಡ್ಕೊಂಡ್ ಮಲ್ಗವ್ರೆ."